ಸರ್ಕಾರದ ಪರವಾಗಿ

ಸಿನಿಮಾ ನೋಡಿ ಬೆಳೆದ ನಮ್ಮಂಥವರಿಗೆ ಸರ್ಕಾರಿ ವಕೀಲರೆಂದರೆ ಕೊನೇ ರೀಲಿನಲ್ಲಿ ಸೋಲಲೆಂದೇ ಹುಟ್ಟಿದವರು. ನಿರಪರಾಧಿ ನಾಯಕನತ್ತ ಬೆರಳು ತೋರಿಸಿ ಗುಡುಗುವುದು, ನಾಯಕಿ ಓಡೋಡಿ ಬಂದು ಸಾಕ್ಷಿ ಒಪ್ಪಿಸಿದಾಗ ಹಣೆಯ ಬೆವರೊರೆಸಿಕೊಳ್ಳುವುದು. ಇಷ್ಟೇ ಅವರ ಉದ್ಯೋಗ.

ನಮ್ಮ ಬಿಲ್ಡಿಂಗಿನ ಕಳವಿನ ಕೇಸಿನಲ್ಲಿ ಪಂಚ ಸಾಕ್ಷಿಯಾಗಿ ಮುಂಬಯಿ ಪಕ್ಕದ ಠಾಣೆ ನಗರದ ಕೋರ್ಟಿಗೆ ಹೋದಾಗ ನಾನು ಕಂಡ ಸರ್ಕಾರಿ ವಕೀಲರು ಗುಡುಗಲೇ ಇಲ್ಲ. ಕಂಕುಳಲ್ಲಿ ಫೈಲುಗಳ ಕಟ್ಟು, ಮೂಗಿನ ತುದಿಗೆ ಜಾರಿದ ಕನ್ನಡಕ. ನನಗಿಂತ ಮೊದಲು ಕಟಕಟೆ ಹತ್ತಿದ ವಾಚ್‌ಮನ್, ಪೊಲೀಸರಿಗೆ ಹೇಳಿದ್ದನ್ನೆಲ್ಲ ನುಂಗಿಕೊಂಡು ‘ಮಲಾ ಕಾಹೀ ಮಾಹೀತ್ ನಾಹೀ’, ನನಗೇನೂ ಗೊತ್ತಿಲ್ಲ, ಅಂದುಬಿಟ್ಟ. ಸರ್ಕಾರಿ ವಕೀಲೆ ಸಿಟ್ಟಾಗಲಿಲ್ಲ. ತಮ್ಮದೇ ಸಾಕ್ಷಿಗೆ ಪಾಟೀಸವಾಲು ಹಾಕಲು ನ್ಯಾಯಾಧೀಶರ ಅನುಮತಿ ಕೇಳಿದರು. ಹಳೆಯ ಹೇಳಿಕೆಯನ್ನು ಒಂದೊಂದೇ ಸಾಲು ಓದುತ್ತ, ‘ಇದನ್ನು ನೀನು ಹೇಳಿದ್ದೆಯಾ?’ ಎಂದರು. ಅವನು ಪ್ರತಿ ಸಾಲಿಗೂ ಇಲ್ಲವೆಂದು ತಲೆಯಲ್ಲಾಡಿಸಿದ. ಸರ್ಕಾರದ ಮಾತು ಸರ್ಕಾರದ್ದೆಂಬ ಕಾರಣಕ್ಕೇ ಸಾಬೀತಾಗುವುದಿಲ್ಲ ಎಂಬುದು ಕಣ್ಣೆದುರೇ ಸಾಬೀತಾಯಿತು.

ಡೊಂಬಿವಲಿಗೆ ವಾಪಸಾದವನು, ಕಾರ್ಕಳ ಕಡೆಯಿಂದ ಬಂದ ಇಲ್ಲಿನ ಹೋಟೆಲಿನ ಅಣ್ಣನಿಗೆ ವರದಿ ಒಪ್ಪಿಸಿ, ‘ಪಾಪ, ಸರ್ಕಾರಿ ವಕೀಲರು’ ಅಂದೆ. ಗಲ್ಲಾದಲ್ಲಿ ಚಿಲ್ಲರೆ ಎಣಿಸುತ್ತಿದ್ದ ಅಣ್ಣ ತಲೆಯೆತ್ತಿದರು. ‘ಪಾಪ ಎಂಥದ್ದು ಮಾರಾಯ್ರೆ? ನಮ್ಮ ಕೌಡೂರಿನ ಸದಾನಂದ ಹೆಗ್ಡೆಯವರು ಮತ್ತೆ ಯಾರು?’

ಇಂಥ ಅಣ್ಣಂದಿರಿಗೆ ಊರು ಬಿಟ್ಟು ಎಷ್ಟು ಕಾಲವಾದರೂ ಊರಿನ ದೊಡ್ಡವರ ಜಾತಕ ಬಾಯಿಪಾಠ. ಈ ಕೌಡೂರು ಸದಾನಂದ ಹೆಗ್ಡೆ, ಅಂದರೆ ಕೆ.ಎಸ್. ಹೆಗ್ಡೆ, ಹುಟ್ಟಿದ್ದು 1909ರಲ್ಲಿ. 1947ರಿಂದ 1951ರವರೆಗೆ ಸರ್ಕಾರಿ ವಕೀಲರು, ಪಬ್ಲಿಕ್ ಪ್ರಾಸಿಕ್ಯೂಟರ್. ಅಲ್ಲಿಂದ ರಾಜ್ಯಸಭೆ. 1957ರಲ್ಲಿ ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿ, 1966ರಲ್ಲಿ ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿ, ಮರುವರ್ಷ ಸುಪ್ರೀಂ ಕೋರ್ಟು. ಅವರು ಸರ್ಕಾರದ ಪರ ವಾದಿಸುತ್ತಿದ್ದ ಕಾಲಕ್ಕೆ ಕಾಸರಗೋಡೂ ಕಾರ್ಕಳವೂ ಮದ್ರಾಸ್ ಪ್ರಾಂತದ ಒಂದೇ ಜಿಲ್ಲೆಯಲ್ಲಿದ್ದವು. ಆಮೇಲೆ ಕೇರಳಕ್ಕೆ ಸೇರಿದ ಆ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಕೇರಳದ ಭೂಸುಧಾರಣೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು 7-6ರಲ್ಲಿ ತೀರ್ಪು ಬಂತು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲರಚನೆಯನ್ನು ಕೆಡಿಸುವಂತಿಲ್ಲ. ಆ ಏಳು ಮಂದಿಯಲ್ಲಿ ಹೆಗ್ಡೆ ಒಬ್ಬರು.

ಇಂದಿರಾ ಗಾಂಧಿಯವರ ಸರ್ಕಾರ ತಡಮಾಡಲಿಲ್ಲ. ಶೆಲತ್, ಹೆಗ್ಡೆ, ಗ್ರೋವರ್ ಮೂವರ ಹಿರಿತನವನ್ನೂ ಬದಿಗೊತ್ತಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು.

ಅಣ್ಣನಿಗೆ ರುಚಿಸುವುದು ಇದರ ಮುಂದಿನ ಭಾಗ. 1977ರಲ್ಲಿ ಹೆಗ್ಡೆ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭಾಧ್ಯಕ್ಷರಾದರು. ಮರುವರ್ಷ ಇಂದಿರಾ ಗಾಂಧಿ, ಕಾರ್ಕಳದಿಂದ ಘಟ್ಟ ಹತ್ತಿದರೆ ಸಿಗುವ ಚಿಕ್ಕಮಗಳೂರಿನಿಂದ ಆರಿಸಿಬಂದರು. ಡಿಸೆಂಬರಿನಲ್ಲಿ ಸದನ ಅವರನ್ನು ಉಚ್ಚಾಟಿಸಿ ಜೈಲಿಗೆ ಕಳಿಸಿದಾಗ ಅಧ್ಯಕ್ಷರ ಕುರ್ಚಿಯಲ್ಲಿದ್ದವರು ಹೆಗ್ಡೆ. ‘ಕಡೆಗೆ ಲೆಕ್ಕ ಚುಕ್ತಾ’ ಎಂದು ಅಣ್ಣ ಗಲ್ಲಾ ಮುಚ್ಚುತ್ತಾರೆ. ನನಗೆ ಹಾಗೆನ್ನಿಸುವುದಿಲ್ಲ. ನಿರ್ಣಯ ಸದನದ್ದು, ಬಹುಮತವಿದ್ದವರು ಯಾರನ್ನಾದರೂ ಹೊರಹಾಕಬಹುದು. 1973ರಲ್ಲಿ ಕೈಗೆಟುಕುವಷ್ಟು ಹತ್ತಿರ ಬಂದ ಮುಖ್ಯ ನ್ಯಾಯಮೂರ್ತಿಯ ದೊಡ್ಡ ಕುರ್ಚಿ ತಪ್ಪಿತೆಂದಾಗ, ಸಣ್ಣದರಲ್ಲಿ ಅಂಟಿ ಕೂರದೆ ಎದ್ದು ಬಂದದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಮಗ ಸಂತೋಷ್ ಹೆಗ್ಡೆಯವರದೂ ಹೆಚ್ಚುಕಡಿಮೆ ಅದೇ ದಾರಿ. ಕರ್ನಾಟಕದ ಅಡ್ವೊಕೇಟ್ ಜನರಲ್, ದೇಶದ ಸಾಲಿಸಿಟರ್ ಜನರಲ್, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. ಆಮೇಲೆ ಲೋಕಾಯುಕ್ತರಾಗಿ 2011ರ ಜುಲೈಯಲ್ಲಿ ಅವರು ಕೊಟ್ಟ ಗಣಿ ವರದಿಗೆ ಮುಖ್ಯಮಂತ್ರಿಯ ಕುರ್ಚಿಯೇ ಉರುಳಿತು.

ಸರ್ಕಾರದ ಪರ ವಾದಿಸಿದವರೆಲ್ಲ ಹೀಗಾಗುತ್ತಾರೆಂದಲ್ಲ. ಆ ಕೋಟು ತೊಟ್ಟು ಸರ್ಕಾರದ ಜೇಬಿನಲ್ಲೇ ನೆಮ್ಮದಿಯಾಗಿ ಉಳಿದವರೂ ಬೇಕಾದಷ್ಟಿದ್ದಾರೆ. ಆದರೂ ಸರ್ಕಾರಗಳು ತಮ್ಮ ವಕೀಲರ ವಿಷಯದಲ್ಲಿ ಸ್ವಲ್ಪ ಹುಷಾರಾಗಿರುವುದು ಒಳ್ಳೆಯದು. ಸರ್ಕಾರದ ಫೈಲಿನಲ್ಲಿ ಯಾವ ಸಾಲು ನಿಲ್ಲುವುದಿಲ್ಲವೆಂದು ಎದುರು ಪಾರ್ಟಿಯವರಿಗಿಂತ ಮೊದಲು ಗೊತ್ತಾಗುವುದು ಅವರಿಗೇ.