ಸರ್ಕಾರದ ನ್ಯಾಯವಾದಿಯ ಧರ್ಮ

ಅನೇಕ ವರ್ಷಗಳ ಹಿಂದಿನ ಮಾತು. ಆಗ ನಾನು ನಮ್ಮೂರಿನ ಬಸದಿಯ ಟ್ರಸ್ಟಿಗೆ ಕಾರ್ಯದರ್ಶಿಯಾಗಿದ್ದೆ. ಹಿರಿಯ ಶ್ರಾವಕರೊಬ್ಬರು ತಮ್ಮ ತೋಟವೊಂದನ್ನು ಟ್ರಸ್ಟಿಗೆ ಬರೆದುಕೊಟ್ಟು ತೀರಿಕೊಂಡಿದ್ದರು. ಅದರ ಉತ್ಪನ್ನದಿಂದ ಪರಸ್ಥಳದ ಬಡ ವಿದ್ಯಾರ್ಥಿಗಳಿಗೆ ಎರಡು ಹೊತ್ತಿನ ಊಟ ನಡೆಯಬೇಕೆಂಬುದು ದಾನಪತ್ರದ ಷರತ್ತಾಗಿತ್ತು. ಊರು ಬೆಳೆದು ತೋಟ ಹೆದ್ದಾರಿಯ ಬದಿಗೆ ಬಂದಾಗ, ಅಲ್ಲಿ ಕಲ್ಯಾಣಮಂಟಪವೊಂದನ್ನು ಕಟ್ಟುವುದೆಂದು ಸಮಿತಿಯವರು ತೀರ್ಮಾನಿಸಿದರು. ತೀರ್ಮಾನವಾದ ಮೇಲೆ, ವಕೀಲರ ಅಭಿಪ್ರಾಯವನ್ನು ಪಡೆದು ಬರುವಂತೆ ನನ್ನನ್ನು ಕಳುಹಿಸಿದರು.

ವಯೋವೃದ್ಧರಾದ ಆ ವಕೀಲರು ದಾನಪತ್ರವನ್ನು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟು ಕೇಳಿದರು: “ಮೇಷ್ಟ್ರೇ, ಇದನ್ನು ಮಾಡಬಹುದೇ ಎಂದು ಕೇಳಲು ಬಂದಿದ್ದೀರೋ, ಮಾಡುವುದಕ್ಕೊಂದು ದಾರಿ ತೋರಿಸಿ ಎಂದು ಬಂದಿದ್ದೀರೋ?” ನಾನು ಉತ್ತರಿಸಲಿಲ್ಲ. ಮಾಡಲಾಗದೆಂದು ಅವರು ಹೇಳಿ ಕಳುಹಿಸಿದರು. ಸಮಿತಿ ಬೇರೊಬ್ಬ ವಕೀಲರನ್ನು ಹುಡುಕಿತು. ಹದಿನೈದೇ ದಿನಗಳಲ್ಲಿ ನಮಗೆ ಬೇಕಾಗಿದ್ದ ಅಭಿಪ್ರಾಯ ಎರಡು ಪುಟಗಳಲ್ಲಿ ಕೈಸೇರಿತು.

ಆ ಹಿರಿಯರ ಪ್ರಶ್ನೆ ಒಂದು ಟ್ರಸ್ಟಿನ ಕೋಣೆಗಷ್ಟೇ ಸೀಮಿತವಾದುದಲ್ಲವೆಂಬುದು ನನಗೆ ತಿಳಿದದ್ದು, ನಮ್ಮ ದೇಶದ ಅಟಾರ್ನಿ ಜನರಲ್ ಹುದ್ದೆಯ ಚರಿತ್ರೆಯನ್ನು ಓದತೊಡಗಿದ ಮೇಲೆ. ಸಂವಿಧಾನದ 76ನೆಯ ಅನುಚ್ಛೇದದ ಪ್ರಕಾರ ಈ ಅಧಿಕಾರಿಯನ್ನು ನೇಮಿಸುವವರು ರಾಷ್ಟ್ರಪತಿಗಳು. ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಲು ಬೇಕಾದ ಅರ್ಹತೆ ಇವರಿಗೂ ಇರಬೇಕು. ಸರ್ಕಾರಕ್ಕೆ ಕಾನೂನಿನ ವಿಷಯದಲ್ಲಿ ಸಲಹೆ ನೀಡುವುದು ಇವರ ಮೊದಲ ಕರ್ತವ್ಯ. ದೇಶದ ಯಾವ ನ್ಯಾಯಾಲಯದಲ್ಲಾದರೂ ವಾದಿಸುವ ಹಕ್ಕು ಇವರಿಗುಂಟು. ಸಂಸತ್ತಿನಲ್ಲಿಯೂ ಮಾತನಾಡಬಹುದು, ಆದರೆ ಮತ ಹಾಕುವಂತಿಲ್ಲ. ರಾಜ್ಯಗಳಲ್ಲಿ ಇದೇ ಬಗೆಯ ಸ್ಥಾನವನ್ನು 165ನೆಯ ಅನುಚ್ಛೇದವು ಅಡ್ವೊಕೇಟ್ ಜನರಲ್ ಅವರಿಗೆ ಕೊಟ್ಟಿದೆ. ಇಷ್ಟೆಲ್ಲ ಗೌರವವಿದ್ದರೂ ಅಟಾರ್ನಿ ಜನರಲ್ ಅವರ ಅಧಿಕಾರಾವಧಿ ರಾಷ್ಟ್ರಪತಿಗಳ ಇಚ್ಛೆ ಇರುವವರೆಗೆ ಮಾತ್ರ. ರಾಷ್ಟ್ರಪತಿಗಳು ಸಂಪುಟದ ಸಲಹೆಯಂತೆ ನಡೆಯುವುದರಿಂದ, ಸರ್ಕಾರಕ್ಕೆ ಬೇಡವಾದ ದಿನ ಅವರು ಹೊರಡಬೇಕಾಗುತ್ತದೆ. ಕಟುಸತ್ಯವನ್ನು ಹೇಳಬೇಕಾದವನ ಸ್ಥಾನವು ಅದನ್ನು ಕೇಳಬೇಕಾದವನ ಕೈಯಲ್ಲಿಯೇ ಇರುವುದು ಈ ಹುದ್ದೆಯ ನಿಜವಾದ ಪರೀಕ್ಷೆ.

ಮೊದಲ ಅಟಾರ್ನಿ ಜನರಲ್ ಎಂ. ಸಿ. ಸೆತಲ್ವಾಡ್ ಅವರು 1950ರಿಂದ 1963ರವರೆಗೆ ಆ ಸ್ಥಾನದಲ್ಲಿದ್ದರು. ಹೊಸದಾಗಿ ಸ್ಥಾಪಿತವಾಗಿದ್ದ ಜೀವ ವಿಮಾ ನಿಗಮದ ಹಣ 1957ರಲ್ಲಿ ಹರಿದಾಸ್ ಮುಂಧ್ರಾ ಎಂಬ ಉದ್ಯಮಿಯ ಕಂಪನಿಗಳ ಷೇರುಗಳಿಗೆ ಹೋಯಿತು. ಆಳುವ ಪಕ್ಷದವರೇ ಆದ ಫಿರೋಜ್ ಗಾಂಧಿಯವರು ಲೋಕಸಭೆಯಲ್ಲಿ ಈ ಪ್ರಶ್ನೆಯನ್ನೆತ್ತಿದರು. ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರ ಆಯೋಗವು ಬಹಿರಂಗ ವಿಚಾರಣೆ ನಡೆಸಿತು. ಆಯೋಗದ ಮುಂದೆ ನಿಂತ ಸೆತಲ್ವಾಡ್ ಅವರು ಸರ್ಕಾರದ ನ್ಯಾಯವಾದಿಯೇ ಆಗಿದ್ದರೂ, ಸಚಿವರನ್ನು ಕಾಪಾಡುವುದು ತಮ್ಮ ಕೆಲಸವೆಂದು ಭಾವಿಸಲಿಲ್ಲ. ಆಯೋಗದ ಸತ್ಯಶೋಧನೆಗೆ ನೆರವಾದರು. 1958ರ ಫೆಬ್ರವರಿಯಲ್ಲಿ ಅರ್ಥಸಚಿವ ಟಿ. ಟಿ. ಕೃಷ್ಣಮಾಚಾರಿಯವರು ರಾಜೀನಾಮೆ ಕೊಟ್ಟರು. ಸೆತಲ್ವಾಡ್ ಅವರು ಮಾತ್ರ ಇನ್ನೂ ಐದು ವರ್ಷ ಅದೇ ಸ್ಥಾನದಲ್ಲಿದ್ದರು. ಅವರ ನಡೆಯಷ್ಟೇ, ಅದನ್ನು ಸಹಿಸಿಕೊಂಡ ಆಳುವವರ ನಡೆಯೂ ಇಲ್ಲಿ ಗಮನಾರ್ಹವಾದುದು.

ಇದಾದ ಹದಿನೇಳು ವರ್ಷಗಳ ಮೇಲೆ ಚಿತ್ರ ಬದಲಾಯಿತು. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಿತವಾದಾಗ ನಾನು ಬೆಂಗಳೂರಿನಲ್ಲಿ ವಿದ್ಯಾರ್ಥಿ. ಸಂಸದೀಯ ಸಮಿತಿಯ ಸಭೆಗೆಂದು ಅದೇ ನಗರಕ್ಕೆ ಬಂದಿದ್ದ ವಾಜಪೇಯಿ, ಆಡ್ವಾಣಿ ಮೊದಲಾದವರನ್ನು ಮರುದಿನ ಬೆಳಗ್ಗೆ ಬಂಧಿಸಿ, ಬಳಿಕ ಕೇಂದ್ರ ಕಾರಾಗೃಹದಲ್ಲಿಟ್ಟರು. ಈಗ ಫ್ರೀಡಂ ಪಾರ್ಕ್ ಇರುವುದು ಆ ಸೆರೆಮನೆಯಿದ್ದ ಜಾಗದಲ್ಲಿಯೇ. ಅದರ ಗೋಡೆಯ ಪಕ್ಕದಿಂದಲೇ ನಾವು ಕಾಲೇಜಿಗೆ ಹೋಗುತ್ತಿದ್ದರೂ, ಒಳಗೆ ಯಾರಿದ್ದಾರೆಂಬುದನ್ನು ಗಟ್ಟಿಯಾಗಿ ಆಡುತ್ತಿರಲಿಲ್ಲ.

ತುರ್ತು ಪರಿಸ್ಥಿತಿಗೆ ಕಾನೂನಿನ ದಾರಿಯನ್ನು ಪ್ರಧಾನಿ ಇಂದಿರಾ ಗಾಂಧಿಯವರಿಗೆ ತೋರಿಸಿದವರು ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯೂ ಬ್ಯಾರಿಸ್ಟರರೂ ಆಗಿದ್ದ ಸಿದ್ಧಾರ್ಥ ಶಂಕರ ರೇ ಅವರು. ಸಂಪುಟಕ್ಕೆ ವಿಷಯ ತಿಳಿದದ್ದು ರಾಷ್ಟ್ರಪತಿಗಳ ಅಂಕಿತ ಬಿದ್ದ ಮೇಲೆ, ಮರುದಿನದ ಮುಂಜಾನೆ. ಇದನ್ನು ಓದುವಾಗ ನಮ್ಮ ಸಮಿತಿಯ ನೆನಪಾಗದೆ ಇರಲಿಲ್ಲ. ಅಲ್ಲಿಯೂ ತೀರ್ಮಾನ ಮುಂದಾಗಿ, ಸಮಾಲೋಚನೆ ಹಿಂದೆ ಉಳಿದಿತ್ತು. ಅಡಿಷನಲ್ ಸಾಲಿಸಿಟರ್ ಜನರಲ್ ಆಗಿದ್ದ ಫಾಲಿ ನಾರಿಮನ್ ಅವರು ಜೂನ್ 27ರಂದು ರಾಜೀನಾಮೆ ಕೊಟ್ಟು ಹೊರಬಂದರು.

ಬಂಧಿತರು ಅನೇಕ ಉಚ್ಚ ನ್ಯಾಯಾಲಯಗಳಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಕರ್ನಾಟಕದ್ದೂ ಸೇರಿ ಒಂಬತ್ತು ಉಚ್ಚ ನ್ಯಾಯಾಲಯಗಳು ಆ ಅರ್ಜಿಗಳನ್ನು ವಿಚಾರಿಸಬಹುದೆಂದವು. ಸರ್ಕಾರ ಮೇಲ್ಮನವಿ ಹೋಯಿತು. ಅದೇ ಎ.ಡಿ.ಎಂ. ಜಬಲ್ಪುರ ಪ್ರಕರಣ. ಅಟಾರ್ನಿ ಜನರಲ್ ನಿರೇನ್ ಡೇ ಅವರು, ತುರ್ತು ಪರಿಸ್ಥಿತಿ ಇರುವವರೆಗೆ ಬಂಧಿತರಿಗೆ ನ್ಯಾಯಾಲಯದ ಬಾಗಿಲು ತಟ್ಟುವ ಹಕ್ಕೇ ಇಲ್ಲವೆಂದು ವಾದಿಸಿದರು. ಪೊಲೀಸಿನವನೊಬ್ಬ ಸ್ವಂತ ದ್ವೇಷದಿಂದ ಒಬ್ಬನನ್ನು ಕೊಂದರೆ ಆಗಲೂ ಪರಿಹಾರವಿಲ್ಲವೇ ಎಂದು ನ್ಯಾಯಮೂರ್ತಿ ಎಚ್. ಆರ್. ಖನ್ನಾ ಕೇಳಿದರು. ತಮ್ಮ ವಾದದ ಪ್ರಕಾರ ಇಲ್ಲವೆಂದರು ಡೇ ಅವರು. ತಮ್ಮ ಮನಸ್ಸಾಕ್ಷಿಗೂ ಇದು ಆಘಾತಕರವೇ ಎಂಬರ್ಥದ ಮಾತನ್ನೂ ಸೇರಿಸಿದರು. 1976ರ ಏಪ್ರಿಲ್ 28ರಂದು ನಾಲ್ವರು ನ್ಯಾಯಮೂರ್ತಿಗಳು ಆ ವಾದವನ್ನು ಒಪ್ಪಿದರು. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಮರುವರ್ಷ ಜ್ಯೇಷ್ಠತೆಯನ್ನು ಮೀರಿ ಬೇರೊಬ್ಬರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಮಾಡಲು, ಅವರು ರಾಜೀನಾಮೆ ಕೊಟ್ಟರು.

ಡೇ ಅವರನ್ನು ನಿಂದಿಸುವುದು ಸುಲಭ. ಆದರೆ ಒಂದೇ ಕಡೆಯಿಂದ ನೋಡಿ ತೀರ್ಪು ಕೊಡುವುದು ನಮ್ಮ ಪರಂಪರೆಗೆ ಒಪ್ಪುವುದಲ್ಲ. ಕಕ್ಷಿಗಾರನ ಪರವಾದ ವಾದವನ್ನು ನ್ಯಾಯಾಲಯದ ಮುಂದಿಡುವುದು ವಕೀಲನ ವೃತ್ತಿಧರ್ಮ. ತೀರ್ಪು ಹೇಳುವ ಹೊಣೆ ನ್ಯಾಯಾಧೀಶರದು. ಎದುರಿಗೆ ಇನ್ನೊಬ್ಬ ವಕೀಲನಿರುತ್ತಾನೆ, ಆಲಿಸುವ ಸಾರ್ವಜನಿಕರಿರುತ್ತಾರೆ. ಕಠಿಣ ಪ್ರಶ್ನೆಗೆ ಮುಚ್ಚುಮರೆಯಿಲ್ಲದೆ ಉತ್ತರಿಸಿದ್ದರಿಂದಲೇ ಆ ವಾದದ ಭೀಕರತೆ ಲೋಕಕ್ಕೆ ತಿಳಿಯಿತೆಂದೂ ಹೇಳಬಹುದು. ಈ ಸಮಾಧಾನವನ್ನು ನಾನು ಬಹುಕಾಲ ಒಪ್ಪಿಕೊಂಡಿದ್ದೆ.

ಆದರೆ ನ್ಯಾಯಾಲಯ ಬೇರೆ, ಸಲಹೆಯ ಕೋಣೆ ಬೇರೆ. ಸಲಹೆಯ ಕೋಣೆಯಲ್ಲಿ ಎದುರು ವಕೀಲನಿಲ್ಲ, ನ್ಯಾಯಾಧೀಶನಿಲ್ಲ. ತೀರ್ಮಾನದಿಂದ ಪೆಟ್ಟು ತಿನ್ನುವವನು ಅಲ್ಲಿ ಹಾಜರಿರುವುದಿಲ್ಲ. ಅವನ ಪರವಾಗಿ ಒಂದು ಮಾತು ಬರಬೇಕಾದರೆ ಅದು ಸಲಹೆಗಾರನ ಬಾಯಿಂದಲೇ ಬರಬೇಕು. ಆದ್ದರಿಂದ ನಾಯಕನ ಕಾನೂನು ಸಲಹೆಗಾರನು ನಾಯಕನ ಸ್ವಂತ ವಕೀಲನಂತೆ ನಡೆಯಲಾಗದು. ಅವನು ಸೇವೆ ಸಲ್ಲಿಸುವುದು ಆ ಪೀಠಕ್ಕೆ, ಪೀಠದಲ್ಲಿ ಕುಳಿತ ವ್ಯಕ್ತಿಗಲ್ಲ. “ಇದು ಕೂಡದು” ಎಂದು ಬಾಗಿಲು ಮುಚ್ಚಿದ ಕೋಣೆಯಲ್ಲಿ ಹೇಳಿಬಿಟ್ಟರೆ, ನ್ಯಾಯಾಲಯದಲ್ಲಿ ಮನಸ್ಸಾಕ್ಷಿಗೆ ಒಪ್ಪದ ವಾದ ಹೂಡುವ ಪ್ರಸಂಗವೇ ಎಷ್ಟೋ ಸಲ ಬರಲಾರದು. ಹೇಳಿಯೂ ಕೇಳದಿದ್ದರೆ, ನಾರಿಮನ್ ಅವರ ದಾರಿ ಇದ್ದೇ ಇದೆ.

ತಪ್ಪನ್ನು ತಿದ್ದಲು ಬಹಳ ಕಾಲ ಹಿಡಿಯಿತು. ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಜಾರಿಗೊಳಿಸುವ ಅವಕಾಶವನ್ನು ತುರ್ತು ಪರಿಸ್ಥಿತಿಯಲ್ಲಿಯೂ ತಡೆಹಿಡಿಯಲಾಗದಂತೆ 1978ರ 44ನೆಯ ತಿದ್ದುಪಡಿ ಕಟ್ಟು ಹಾಕಿತು. ಆ ತೀರ್ಪು ರದ್ದಾದದ್ದು 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠದಲ್ಲಿ. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 1976ರಲ್ಲಿ ಬಹುಮತದೊಡನಿದ್ದ ವೈ. ವಿ. ಚಂದ್ರಚೂಡರ ಮಗ ಡಿ. ವೈ. ಚಂದ್ರಚೂಡರೇ ತಂದೆಯ ಆ ತೀರ್ಪು ಗಂಭೀರವಾಗಿ ದೋಷಪೂರಿತವೆಂದು ಬರೆದರು. ಸೆರೆಮನೆಯಲ್ಲಿ ದಿನ ಕಳೆದವರಿಗೆ ಆ ನಲವತ್ತೊಂದು ವರ್ಷಗಳನ್ನು ಯಾರೂ ಮರಳಿಸಲಾರರು.

ಇನ್ನು ನಮ್ಮ ಮಂಟಪದ ಮಾತು. ಅದು ಚೆನ್ನಾಗಿಯೇ ಕಟ್ಟಲ್ಪಟ್ಟಿತು. ಮೊದಲೆರಡು ವರ್ಷ ವಿದ್ಯಾರ್ಥಿಗಳ ಊಟಕ್ಕೆ ಬಾಡಿಗೆಯಲ್ಲಿ ಒಂದು ಪಾಲು ಕೊಟ್ಟರು. ಮೂರನೆಯ ವರ್ಷ ಕಟ್ಟಡದ ಸಾಲದ ಕಾರಣ ಹೇಳಿ ನಿಲ್ಲಿಸಿದರು. ಆ ವರ್ಷ ಊಟಕ್ಕಿದ್ದವರು ಹನ್ನೊಂದು ಹುಡುಗರು. ಅವರಲ್ಲಿ ನಾಲ್ವರು ಓದು ಬಿಟ್ಟು ಊರಿಗೆ ಹಿಂದಿರುಗಿದರು. ಅವರಲ್ಲಿ ಒಬ್ಬನ ತರಗತಿಗೆ ನಾನೇ ಪಾಠ ಹೇಳುತ್ತಿದ್ದೆ.

ಎರಡನೆಯ ವಕೀಲರ ಮೇಲೆ ನನಗೆ ಕೋಪವಿಲ್ಲ. ನಾವು ಕೇಳಿದ್ದನ್ನು ಅವರು ಕೊಟ್ಟರು. ನನ್ನ ತಪ್ಪು ಬೇರೆ. ಮೊದಲಿನ ಹಿರಿಯರು ಕೂಡದೆಂದು ಹೇಳಿದ್ದನ್ನು ಕಾರ್ಯದರ್ಶಿಯಾದ ನಾನು ನಡಾವಳಿ ಪುಸ್ತಕದಲ್ಲಿ ಬರೆಯಲಿಲ್ಲ. ಬರೆಯಬೇಡವೆಂದು ನನಗೆ ಯಾರೂ ಹೇಳಿರಲಿಲ್ಲ. ಸುಳ್ಳಾಡದಿರುವುದೇ ಸತ್ಯವ್ರತವೆಂದು ತಿಳಿದಿದ್ದ ನನಗೆ, ಹೇಳಬೇಕಾದುದನ್ನು ಹೇಳದಿರುವುದೂ ಅದಕ್ಕೆ ಭಂಗವೆಂಬುದು ಆಗ ಹೊಳೆಯಲಿಲ್ಲ.

ಆದುದರಿಂದ ಟ್ರಸ್ಟುಗಳನ್ನು ನಡೆಸುವ ಸಹಧರ್ಮಿಗಳಲ್ಲಿ ನನ್ನದೊಂದು ವಿಜ್ಞಾಪನೆ. ವಕೀಲರ ಬಳಿಗೆ ಹೋಗುವ ಮುನ್ನ ನಿಮ್ಮ ಪ್ರಶ್ನೆಯನ್ನು ಪುಸ್ತಕದಲ್ಲಿ ಬರೆಯಿರಿ. ಬಂದ ಉತ್ತರ ಹಿತವಾಗಿರಲಿ, ಅಹಿತವಾಗಿರಲಿ, ಅದರ ಕೆಳಗೆಯೇ ಬರೆಯಿರಿ. ಎರಡನೆಯ ವಕೀಲರನ್ನು ಕಾಣುವುದಾದರೆ, ಮೊದಲಿನವರು ಹೇಳಿದ್ದನ್ನು ಅವರಿಗೆ ತೋರಿಸಿಯೇ ಕೇಳಿರಿ. ಮಂಟಪದ ಆದಾಯದಿಂದ ಊಟವನ್ನು ಮತ್ತೆ ಆರಂಭಿಸಬೇಕೆಂದು ನಮ್ಮ ಈಗಿನ ಸಮಿತಿಗೆ ಕಳೆದ ತಿಂಗಳು ಪತ್ರ ಬರೆದಿದ್ದೇನೆ. ಆ ಹಿರಿಯ ವಕೀಲರು ಅಂದು ಹೇಳಿದ ಮಾತನ್ನೂ ನೆನಪಿರುವಷ್ಟು ಅದರಲ್ಲಿ ಬರೆದಿದ್ದೇನೆ.