ಅಡ್ಯಾರ್ ಹೊಳೆ ತಿಳಿಯಾದ ಧನುರ್ಮಾಸ

ಮಳೆ ಅಂದರೆ ಕುಂದಾಪುರ ಕಡೆಯವರಾದ ನಮಗೆ ಹೆದರಿಕೆಯ ವಿಷಯ ಅಲ್ಲ. ಆಷಾಢದಲ್ಲಿ ಹಗಲು ರಾತ್ರಿ ಹೊಯ್ಯುವುದನ್ನು ಕಂಡವರು. ಆದರೆ 2015ರ ಡಿಸೆಂಬರ್ 1ರಂದು ನಾವಿರುವ ಚೆನ್ನೈಗೆ ಬಂದದ್ದು ಬೇರೆಯೇ ಮಳೆ. ನವೆಂಬರ್ ತಿಂಗಳೊಂದರಲ್ಲೇ ಸಾವಿರ ಮಿಲಿಮೀಟರ್ ದಾಟಿ, ನೆಲಕ್ಕೆ ಇನ್ನೊಂದು ಹನಿ ಕುಡಿಯುವ ತ್ರಾಣ ಉಳಿದಿರಲಿಲ್ಲ. ಕೆರೆಗಳೆಲ್ಲ ಕೋಡಿ ಬಿದ್ದಿದ್ದವು. ಅದರ ಮೇಲೆ ತಾಂಬರಂನಲ್ಲಿ ಒಂದೇ ದಿನಕ್ಕೆ 49 ಸೆಂಟಿಮೀಟರ್ ಸುರಿಯಿತು.

ಸಂಜೆಯ ಹೊತ್ತಿಗೆ ಕರೆಂಟು ಹೋಯಿತು, ಆಮೇಲೆ ಫೋನೂ ಹೋಯಿತು. ಚೆಂಬರಂಬಾಕ್ಕಂ ಕೆರೆಯಿಂದ ಸೆಕೆಂಡಿಗೆ 29,000 ಘನ ಅಡಿ ನೀರು ಬಿಟ್ಟಿದ್ದಾರೆ ಎಂಬುದು ನಮಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಆ ರಾತ್ರಿ ನಮಗೆ ಗೊತ್ತಾದದ್ದು ಇಷ್ಟೇ: ನಮ್ಮ ಮನೆಗೆಲಸಕ್ಕೆ ಬರುತ್ತಿದ್ದ ಅಕ್ಕ, ಸೈದಾಪೇಟೆಯಲ್ಲಿ ಹೊಳೆದಂಡೆಯ ಮನೆ ಬಿಟ್ಟು, ಎರಡು ಮಕ್ಕಳನ್ನೂ ಒಂದು ಬಟ್ಟೆ ಗಂಟನ್ನೂ ಹಿಡಿದುಕೊಂಡು ಮಂದವೆಳಿಯ ನಮ್ಮ ಬಾಗಿಲಿಗೆ ಬಂದು ನಿಂತಳು. ದೊಡ್ಡ ಮಗಳ ಸ್ಕೂಲ್ ಬ್ಯಾಗು ನೀರುಪಾಲಾಗಿತ್ತು. ಆ ಹುಡುಗಿ ಅತ್ತದ್ದು ಮನೆ ಹೋಯಿತೆಂದಲ್ಲ, ವಿಜ್ಞಾನದ ರೆಕಾರ್ಡ್ ಪುಸ್ತಕ ಹೋಯಿತೆಂದು.

ಮರುದಿನ ಬೆಳಿಗ್ಗೆ ಪೇಪರು ಬರಲಿಲ್ಲ. 1878ರಲ್ಲಿ ಶುರುವಾದ 'ದಿ ಹಿಂದೂ' ಪತ್ರಿಕೆ ಮಳೆಯ ಕಾರಣಕ್ಕೆ ಚೆನ್ನೈಯಲ್ಲಿ ಅಚ್ಚಾಗದೆ ಉಳಿದದ್ದು ಅದೇ ಮೊದಲು. ವಿಮಾನ ನಿಲ್ದಾಣ ಮುಚ್ಚಿತ್ತು. ಅದರ ಎರಡನೇ ರನ್‌ವೇಯನ್ನು ಅಡ್ಯಾರ್ ಹೊಳೆಯ ಮೇಲೆಯೇ ಸೇತುವೆ ಹಾಕಿ ಕಟ್ಟಿದ್ದರು. ಸೈದಾಪೇಟೆಯ ಮರೈಮಲೈ ಅಡಿಗಳ್ ಸೇತುವೆಯ ಮೇಲೆ ನೀರು ಹರಿಯಿತು. ಕೋಟ್ಟೂರುಪುರಂನಲ್ಲಿ ಮೊದಲ ಮಾಳಿಗೆಯವರೆಗೆ ನೀರು ಏರಿದಾಗ ಜನರನ್ನು ಇಳಿಸಿ ತಂದವರಲ್ಲಿ ಕಡಲ ತಡಿಯ ಕುಪ್ಪಂಗಳ, ಅಂದರೆ ಬೆಸ್ತರ ಕೇರಿಗಳ, ಮೀನುಗಾರರು ಮುಖ್ಯರು. ಯಾರೂ ಕರೆಯುವುದಕ್ಕೆ ಕಾಯದೆ ದೋಣಿಗಳನ್ನು ಲಾರಿಗೆ ಹಾಕಿಕೊಂಡು ಬಂದರು. ಆ ದಿನಗಳ ಬಗ್ಗೆ ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಅವರ ಮಾತನ್ನೇ.

ನೆರೆಯ ಕಥೆ ಎಲ್ಲರೂ ಹೇಳುತ್ತಾರೆ. ನನಗೆ ಹೇಳಬೇಕಾದದ್ದು ನೆರೆ ಇಳಿದ ಮೇಲಿನದು.

ನಮ್ಮ ಅಪ್ಪಯ್ಯ ಹುಡುಗನಾಗಿದ್ದಾಗಲೇ ಊರು ಬಿಟ್ಟು ಮದ್ರಾಸಿಗೆ ಬಂದವರು. ಮೈಲಾಪುರದ ಒಂದು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಹಿಡಿದು ದೋಸೆ ಕಾವಲಿಯ ಮುಂದೆ ನಿಲ್ಲುವವರೆಗೆ ಆಯುಷ್ಯ ಕಳೆದವರು. ರಜೆ ಸಿಕ್ಕ ಮಧ್ಯಾಹ್ನ ಅಡ್ಯಾರ್ ಹೊಳೆಯ ಹಳೇ ಎಲ್ಫಿನ್‌ಸ್ಟನ್ ಸೇತುವೆಯ ಬುಡದಲ್ಲಿ ಗಾಳ ಹಾಕಿ ಕೂರುತ್ತಿದ್ದರಂತೆ. ಆಚೆ ದಡದಲ್ಲಿ ಥಿಯಾಸಾಫಿಕಲ್ ಸೊಸೈಟಿಯ ತೋಪು, ಈಚೆ ಮರಳು, ಮುಂದೆ ಕಡಲು. ಊರಿನ ಪಂಚಗಂಗಾವಳಿ ನೆನಪಾಗುವುದಕ್ಕೆ ಅವರಿಗೆ ಅಷ್ಟು ಸಾಕಾಗಿತ್ತು. ನನಗೆ ಬುದ್ಧಿ ಬರುವ ಹೊತ್ತಿಗೆ ಆ ಹೊಳೆ ಕಪ್ಪಾಗಿತ್ತು. ಹಳೇ ಸೇತುವೆಯ ಪಕ್ಕದ ತಿರು ವಿ ಕ ಸೇತುವೆಯ ಮೇಲೆ ಬಸ್ಸು ಹೋಗುವಾಗ ಅಪ್ಪಯ್ಯ ಮೂಗಿಗೆ ಶಲ್ಯ ಒತ್ತಿ ಮುಖ ಆಚೆ ತಿರುಗಿಸುವರು. ಹಾಗೆ ಎಷ್ಟೋ ವರ್ಷ ಅವರು ಆ ಹೊಳೆಯನ್ನು ನೋಡಿಯೇ ಇರಲಿಲ್ಲ.

ಡಿಸೆಂಬರ್ ಕೊನೆಗೆ ಹಾಲಿನವನು ಒಂದು ಸುದ್ದಿ ತಂದ. ಅಡ್ಯಾರಿನಲ್ಲಿ ನೀರು ತಿಳಿಯಾಗಿದೆ, ಜನ ಮೀನು ಹಿಡಿಯುತ್ತಿದ್ದಾರೆ ಎಂದು. ನಾನು ನಂಬಲಿಲ್ಲ. ಅಪ್ಪಯ್ಯ ಕುರ್ಚಿಯಿಂದ ಎದ್ದೇಬಿಟ್ಟರು.

"ಒಂದ್ಸಲ ಕರ್ಕೊಂಡ್ ಹೋಗ್ ಮಗಾ, ಕಾಣ್ಕ್."

ಆಟೋದಲ್ಲಿ ಹೋದೆವು. ಸೇತುವೆಯ ಕಂಬಿಗೆ ಒರಗಿ ಜನ ಸಾಲಾಗಿ ನಿಂತಿದ್ದರು. ನೀರಿಗೆ ಹಸಿರು ಬಣ್ಣ ಬಂದಿತ್ತು. ಕಡಲಿನ ಕಡೆಯಿಂದ ಭರತ ಏರುತ್ತಿತ್ತು. ಸಣ್ಣ ಸಣ್ಣ ಸುಳಿ ಬಿಚ್ಚುತ್ತ ನೀರು ಸೇತುವೆಯ ಕೆಳಗೆ ಒಳಮುಖವಾಗಿ ಹೋಗುವುದು ಕಾಣುತ್ತಿತ್ತು. ವಾಸನೆ ಇತ್ತು, ಆದರೆ ಅದು ಕೆಸರಿನ, ಉಪ್ಪಿನ, ಹೊಳೆಬಾಗಿಲಿನ ವಾಸನೆ. ಹಳೇ ಸೇತುವೆಯ ಬುಡದಲ್ಲಿ ಮೊಣಕಾಲು ನೀರಿನಲ್ಲಿ ನಿಂತ ಒಬ್ಬ ಬೀಸುಬಲೆ ಎಸೆದ. ಬಲೆ ಗುಂಡಗೆ ಬಿಚ್ಚಿ ಬಿತ್ತು. ಎಳೆದಾಗ ಅದರಲ್ಲಿ ಅಂಗೈ ಅಗಲದ ಜಿಲೇಬಿ ಮೀನು, ನಡುವೆ ಬೆಳ್ಳಿಯ ಹಾಗೆ ಹೊಳೆಯುವ ಬೇರೆ ಯಾವುದೋ ಒಂದೆರಡು. ಅಪ್ಪಯ್ಯ ನನ್ನ ತೋಳು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದರು. ಬಲೆಯ ಅಂಚು ಕೈಗೆ ತೆಗೆದುಕೊಂಡು ಮೂಗಿಗೆ ಹಿಡಿದರು. ಮೀನು ಹಿಡಿಯುವವನು ನಕ್ಕ. "ಅಯ್ಯಾ, ಸಾಂಬಾರಿಗೆ ಬೇಕಾ?" ಅಂದ. ಹೋಟೆಲಿನಲ್ಲಿ ಸಸ್ಯಾಹಾರದ ಅಡುಗೆ ಮಾಡಿಯೇ ಬದುಕಿದ ಮುದುಕರು, ಮೀನು ಬೇಡ, ಇನ್ನೊಂದು ಸಲ ಬಲೆ ಬೀಸು ಅಂತ ಬೇಡಿಕೊಂಡರು. ಅವನು ಬೀಸಿದ.

ಹೀಗಾದದ್ದು ಯಾಕೆ ಎಂಬುದನ್ನು ಆಮೇಲೆ ನಾನು ಎಷ್ಟೋ ಸಲ ಮಕ್ಕಳಿಗೆ ವಿವರಿಸಿದ್ದೇನೆ. ನಾನು ಸ್ಕೂಲ್ ಮೇಷ್ಟ್ರು. ಅಡ್ಯಾರ್ ದೊಡ್ಡ ಹೊಳೆಯಲ್ಲ, 42 ಕಿಲೋಮೀಟರ್. ಆದನೂರು, ಮಣಿಮಂಗಲ ಕಡೆಯ ಕೆರೆಗಳ ಕೋಡಿನೀರಿನಿಂದ ಹುಟ್ಟಿ, ತಿರುನೀರ್ಮಲೈ ಹತ್ತಿರ ಚೆಂಬರಂಬಾಕ್ಕಂ ಕೋಡಿಯನ್ನು ಸೇರಿಸಿಕೊಂಡು ಬರುತ್ತದೆ. ಹಿಂಗಾರು ಮಳೆ ನಿಂತ ಮೇಲೆ ಅದಕ್ಕೆ ಸ್ವಂತದ ನೀರಿಲ್ಲ. ಆಗ ಅದರಲ್ಲಿ ಹರಿಯುವುದು ಊರಿನ ಚರಂಡಿ. ಚರಂಡಿಯಲ್ಲಿ ಬಂದ ಕೊಳೆಯನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ನೀರಿನಲ್ಲಿದ್ದ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ. ಅದು ಮುಗಿದ ಮೇಲೆ ಬೇರೆ ಜಾತಿಯವು ಕೆಲಸಕ್ಕೆ ಇಳಿದು ಗಂಧಕದ ಅನಿಲ ಬಿಡುತ್ತವೆ. ಆ ನಾತ, ಆ ಕಪ್ಪು ಬಣ್ಣ ಎರಡೂ ಅಲ್ಲಿಂದ. ಬಂಗಾಳ ಕೊಲ್ಲಿಯ ಅಲೆಗಳು ದಡದುದ್ದಕ್ಕೂ ಮರಳು ಸಾಗಿಸಿಕೊಂಡು ಬಂದು ಹೊಳೆಬಾಗಿಲಿಗೆ ದಿಬ್ಬ ಕಟ್ಟುತ್ತವೆ. ಬಾಗಿಲು ಮುಚ್ಚಿದರೆ ಭರತ ಒಳಗೆ ಬರುವುದಿಲ್ಲ, ಕೊಳೆ ಹೊರಗೆ ಹೋಗುವುದಿಲ್ಲ.

ಚೆನ್ನೈಯ ಇನ್ನೊಂದು ಹೊಳೆ ಕೂವಂನದ್ದೂ ಇದೇ ಪಾಡು, ಅಲ್ಲಿ ಇನ್ನೂ ಹೆಚ್ಚು. ಹತ್ತೊಂಬತ್ತನೇ ಶತಮಾನದ ಕೊನೆಗೆ ಬಂದರು ಕಟ್ಟಿದ ಮೇಲೆ ಅದರ ದಕ್ಷಿಣಕ್ಕೆ ಮರಳು ನಿಂತು ಮರೀನಾ ಅಷ್ಟು ಅಗಲವಾಯಿತು, ಕೂವಂನ ಬಾಯಿ ಕಟ್ಟಿತು. 1973ರಲ್ಲಿ ಕರುಣಾನಿಧಿಯವರ ಸರಕಾರ ಅದೇ ಕೂವಂನಲ್ಲಿ ಜನರಿಗೆ ದೋಣಿ ವಿಹಾರ ಏರ್ಪಡಿಸಿತ್ತು. ಹೋಟೆಲಿನ ಹುಡುಗರೆಲ್ಲ ಹೋಗಿ ಕೂತು ಬಂದಿದ್ದರೆಂದು ಅಪ್ಪಯ್ಯ ಹೇಳುತ್ತಿದ್ದರು. ಚರಂಡಿ ನಿಲ್ಲದೆ ದೋಣಿ ಎಷ್ಟು ದಿನ ನಡೆದೀತು? ಹೆಚ್ಚು ಕಾಲ ನಡೆಯಲಿಲ್ಲ.

2015ರ ನೆರೆ ಹೊಳೆತಳದ ಕಪ್ಪು ರಾಡಿಯನ್ನು ಕೆರೆದು ಕಡಲಿಗೆ ಒಯ್ದಿತ್ತು, ಮರಳಿನ ದಿಬ್ಬವನ್ನು ಒಡೆದು ಬಾಗಿಲನ್ನು ಅಗಲವಾಗಿ ತೆರೆದಿತ್ತು. ದಿನಕ್ಕೆ ಎರಡು ಸಲ ಕಡಲು ಒಳಗೆ ಬಂದು ಹೋಗತೊಡಗಿತು. ಮೀನಿಗೆ ಅಷ್ಟು ಸಾಕು. ಯಾರೂ ಮರಿ ತಂದು ಬಿಡಲಿಲ್ಲ, ಯಾರೂ ಕರೆಯಲಿಲ್ಲ. ಆದರೆ ಅದಕ್ಕೆ ತೆತ್ತ ಬೆಲೆ ನೂರಾರು ಜೀವ. ಹೊಳೆ ಶುಚಿಯಾಯಿತೆಂದು ಆ ದಿನ ನನಗಾದ ಸಂತೋಷವನ್ನು ಬಾಯಿಬಿಟ್ಟು ಹೇಳಲು ನಾಲಗೆ ಬರಲಿಲ್ಲ; ಮನೆಯಲ್ಲಿ ಅಕ್ಕ ಇದ್ದಳು.

ಅಲ್ಲಿಂದ ಅಪ್ಪಯ್ಯನನ್ನು ರಾಜಾ ಅಣ್ಣಾಮಲೈಪುರಂ ಕಡೆಗೆ, ಹೊಳೆಯ ಹಿನ್ನೀರಿನ ಹತ್ತಿರ ಕರೆದುಕೊಂಡು ಹೋದೆ. ನನಗೆ ಆ ಜಾಗ ಹೊಸದಲ್ಲ. ಒಂದು ಕಾಲಕ್ಕೆ ಅದು ಮನೆ ಒಡೆದ ಇಟ್ಟಿಗೆ, ಕಾಂಕ್ರೀಟು, ಪ್ಲಾಸ್ಟಿಕ್ಕು ಸುರಿಯುವ ಹೊಂಡವಾಗಿತ್ತು. ಸರಕಾರ ಅದಕ್ಕೆಂದು ಒಂದು ಟ್ರಸ್ಟ್ ಮಾಡಿ, ಹೊಂಡ ತುಂಬಿದ್ದನ್ನೆಲ್ಲ ತೆಗೆಸಿ, ಭರತದ ನೀರು ಒಳಗೆ ಹೋಗುವ ಹಾಗೆ ಕಾಲುವೆ ಬಿಡಿಸಿ, ಕರಾವಳಿಯದ್ದೇ ಗಿಡಮರ ಹಾಕಿಸಿತು. ಆರೋವಿಲ್‌ನ ಪಿಚ್ಚಾಂಡಿಕುಳಂ ಕಾಡಿನವರು ಆ ಕೆಲಸದ ಬೆನ್ನೆಲುಬಾಗಿದ್ದರು. 58 ಎಕರೆಯ ಆ ಉದ್ಯಾನ, ಅಡ್ಯಾರ್ ಪೂಂಗಾ, 2011ರ ಜನವರಿಯಲ್ಲಿ ತೊಲ್ಕಾಪ್ಪಿಯ ಪೂಂಗಾ ಎಂಬ ಹೆಸರಿನಲ್ಲಿ ತೆರೆಯಿತು. ಅದೇ ಟ್ರಸ್ಟ್ ಮುಂದೆ ಚೆನ್ನೈ ನದಿಗಳ ಪುನಶ್ಚೇತನದ ಟ್ರಸ್ಟ್ ಆಗಿ ಹಿನ್ನೀರಿನ ಉಳಿದ ಭಾಗಕ್ಕೂ ಕೂವಂಗೂ ಕೈಹಾಕಿತು. ಆಗ ಅಲ್ಲಿ ಪಿಕ್ನಿಕ್ ಇರಲಿಲ್ಲ, ತಿಂಡಿ ಗಾಡಿ ಇರಲಿಲ್ಲ. ಸ್ಕೂಲ್ ಮಕ್ಕಳನ್ನು ಗುಂಪಾಗಿ ಒಳಗೆ ಬಿಟ್ಟು, ಜೊತೆಗೆ ಒಬ್ಬರು ನಿಂತು ತೋರಿಸುತ್ತಿದ್ದರು. ಅದು ಸರಿಯಾದ ಕ್ರಮ ಎಂದೇ ನನ್ನ ಅಭಿಪ್ರಾಯ. ಹಕ್ಕಿಗಾಗಿ ಮಾಡಿದ ಜಾಗಕ್ಕೆ ಮನುಷ್ಯ ಅಪ್ಪಣೆ ಕೇಳಿ ಹೋಗಲಿ.

ರಸ್ತೆಬದಿಯಿಂದಲೇ ಅಪ್ಪಯ್ಯ ಇಣುಕಿದರು. ಭರತದ ನೀರು ಅಲ್ಲಿಗೆ ಇನ್ನೂ ತಲುಪಿರಲಿಲ್ಲ. ಕೆಸರಿನ ಮೇಲೆ ಉಗುರಿನಷ್ಟು ಗಾತ್ರದ ಏಡಿಗಳು ಓಡಾಡುತ್ತಿದ್ದವು. ಗಂಡಿಗೆ ಒಂದು ಕೊಂಬು ಮೈಯಷ್ಟೇ ದೊಡ್ಡದು. ಅದನ್ನು ಮೇಲೆತ್ತಿ ಇಳಿಸಿ, ಮೇಲೆತ್ತಿ ಇಳಿಸಿ, ನೆರಳು ಬಿದ್ದ ಕ್ಷಣ ಬಿಲಕ್ಕೆ ಇಳಿದುಬಿಡುವುದು. ಅವುಗಳ ಆಚೆ ಕೆಸರಿನಿಂದ ಪೆನ್ಸಿಲಿನಷ್ಟು ದಪ್ಪದ ಬೇರುಗಳು ನೆಟ್ಟಗೆ ಎದ್ದು ನಿಂತಿದ್ದವು. ನೆರೆ ತಂದ ಪ್ಲಾಸ್ಟಿಕ್ ಚೀಲಗಳು ಕೊಂಬೆಗೆ ತೊಡರಿದ್ದವು. ಗಿಡಗಳು ಮಾತ್ರ ಬುಡ ಕದಲದೆ ನಿಂತಿದ್ದವು.

"ಇದ್ ಕಾಂಡ್ಲ ಅಲ್ದಾ? ನಮ್ಮೂರಂಗ್ ಇಪ್ದೇ!"

ಹೌದು ಅಪ್ಪಯ್ಯ ಅಂದೆ. ಗಂಗೊಳ್ಳಿ ಹೊಳೆಯಲ್ಲಿ ದೋಣಿಯಿಂದ ಕೈಚಾಚಿ ಕಾಂಡ್ಲ ಕೋಡು ಕಿತ್ತು ನೀರಿಗೆ ಎಸೆಯುತ್ತಿದ್ದ ಆಟ, ಅದು ಕೆಸರಿಗೆ ನೆಟ್ಟಗೆ ಚುಚ್ಚಿಕೊಂಡರೆ ಗೆಲುವು ಎಂಬ ಲೆಕ್ಕ, ಎಲ್ಲ ಹೇಳಿದರು. ಮದ್ರಾಸಿಗೆ ಬಂದು ಅರ್ಧ ಶತಮಾನ ದಾಟಿತ್ತು. ಈ ಊರಿನ ನೆಲದಲ್ಲಿ ತನಗೆ ಪರಿಚಯದ ಗಿಡವೊಂದನ್ನು ಕಂಡ ಖುಷಿ ಅವರ ಮುಖದಲ್ಲಿತ್ತು.

ಬೇಸಿಗೆಯ ಹೊತ್ತಿಗೆ ಹೊಳೆ ಮತ್ತೆ ಕಪ್ಪಾಯಿತು. ಚರಂಡಿಗಳು ಎಲ್ಲಿದ್ದವೋ ಅಲ್ಲೇ ಇದ್ದವು, ಬಾಗಿಲಲ್ಲಿ ಮರಳು ಮತ್ತೆ ಕೂತಿತು. ಮುಂದಿನ ವರ್ಷಗಳಲ್ಲಿ ಹೊಳೆ ಸುಧಾರಣೆಯ ಹೆಸರಿನಲ್ಲಿ ಮೊದಲು ಎತ್ತಂಗಡಿಯಾದದ್ದು ಚರಂಡಿಯಲ್ಲ, ದಂಡೆಯ ಮನೆಗಳು. ಸಾವಿರಾರು ಕುಟುಂಬಗಳನ್ನು ಪೆರುಂಬಾಕ್ಕಂ ಮುಂತಾದ ಕಡೆಯ ವಸತಿಗಳಿಗೆ ಒಯ್ದರು. ನೆರೆಯ ದಾರಿಯಲ್ಲಿ ಯಾರೂ ಮನೆ ಮಾಡಿ ಇರಬಾರದು, ಒಪ್ಪುತ್ತೇನೆ. ಆದರೆ ಪೆರುಂಬಾಕ್ಕಂ ಇರುವುದು ಪಳ್ಳಿಕ್ಕರಣೈ ಜೌಗಿನ ಮಗ್ಗುಲಲ್ಲಿ, ಮಳೆಗಾಲದಲ್ಲಿ ಅಲ್ಲಿಯೂ ನೀರು ನಿಲ್ಲುತ್ತದೆ. ಅಲ್ಲಿಗೆ ಹೋದ ಅಕ್ಕ ಬೆಳಿಗ್ಗೆ ಕತ್ತಲಲ್ಲೇ ಬಸ್ಸು ಹತ್ತಿ ಕೆಲಸಕ್ಕೆ ಬರುತ್ತಿದ್ದಳು. ಸ್ವಲ್ಪ ದಿನ ಬಂದಳು, ಆಮೇಲೆ ಮೈಗೆ ಆಗಲಿಲ್ಲ. ದೊಡ್ಡ ಮಗಳು ವರ್ಷದ ನಡುವೆ ಸ್ಕೂಲು ಬದಲಿಸಬೇಕಾಯಿತು. ಹೊಳೆಗೆ ಕೊಳೆ ಬಿಟ್ಟವರಲ್ಲಿ ನಮ್ಮಂಥ ಮಾಳಿಗೆ ಮನೆಯವರ ಪಾಲು ಅವಳ ಪಾಲಿಗಿಂತ ದೊಡ್ಡದು. ಬೆಂಗಳೂರಿನ ವೃಷಭಾವತಿಯನ್ನು ನೋಡಿದಾಗಲೂ ಇದೇ ಮಾತು ನನ್ನ ಗಂಟಲಲ್ಲಿ ಕೂರುತ್ತದೆ. ಎಲ್ಲಿಂದ ಹೊರಟ ಕೊಳೆ ಎಂದು ಕೇಳುವ ಬದಲು ಎಲ್ಲಿ ಬಡವರು ಕೂತಿದ್ದಾರೆ ಎಂದು ನೋಡುತ್ತೇವೆ.

ಅಪ್ಪಯ್ಯ ಆಮೇಲೆ ಹೊಳೆಗೆ ಬರಲಿಲ್ಲ, ಕಾಲು ಸೋತಿತ್ತು. ನಾನು ಆ ಕಡೆ ಹೋಗಿ ಬಂದೆನೆಂದರೆ ಮಾತ್ರ ಚಪ್ಪಲಿ ಬಿಡುವ ಮೊದಲೇ "ನೀರ್ ಹ್ಯಾಂಗಿತ್ತ್?" ಅಂತ ಕೇಳುವರು. ಮಳೆ ಮುಗಿದ ಹೊಸತರಲ್ಲಿ ಅಡ್ಡಿಯಿಲ್ಲ ಅನ್ನುತ್ತಿದ್ದೆ. ಉಳಿದ ತಿಂಗಳು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೆ.

ಈಗ ಪ್ರತಿ ವರ್ಷ ಒಂಬತ್ತನೇ ಕ್ಲಾಸಿನವರನ್ನು ಮೊದಲು ಪೂಂಗಾಕ್ಕೆ, ಆಮೇಲೆ ಸೇತುವೆಗೆ ಕರೆದೊಯ್ಯುತ್ತೇನೆ. ಇಳಿತದ ಹೊತ್ತನ್ನೇ ನೋಡಿ ಹೋಗುತ್ತೇವೆ. ಭರತದಲ್ಲಿ ಮುಳುಗಿರುವ ಚರಂಡಿ ಬಾಯಿಗಳು ಆಗ ಹೊರಗೆ ಕಾಣುತ್ತವೆ. ಹೋದ ವರ್ಷದ ಮಕ್ಕಳು ಅಂಥದೊಂದನ್ನು ಗುರುತಿಸಿದರು. ಮಳೆನೀರಿನ ಚರಂಡಿ, ಮಳೆಯಿಲ್ಲದ ತಿಂಗಳಲ್ಲೂ ಅದರಿಂದ ನೊರೆ ಬರುತ್ತಿತ್ತು. ಸಂಬಂಧಪಟ್ಟ ಕಚೇರಿಗೆ ಕಾಗದ ಬರೆದರು. ಒಬ್ಬರು ಬಂದು ನೋಡಿ, ಬರೆದುಕೊಂಡು ಹೋದರು. ನೊರೆ ನಿಂತಿಲ್ಲ. ಈ ವರ್ಷದವರು ಅದರ ಫೋಟೋ ತೆಗೆದು, ತಾರೀಖು ಹಾಕಿ, ಎರಡನೇ ಕಾಗದ ಬರೆಯುತ್ತಿದ್ದಾರೆ.