ಎರಡು ಮೇಜು, ಒಂದು ಸೂಕ್ಷ್ಮದರ್ಶಕ

ಮಧುರೈಯ ಅರವಿಂದ ಕಣ್ಣಾಸ್ಪತ್ರೆ. ಗೌನು ತೊಟ್ಟು, ಮಾಸ್ಕ್ ಕಟ್ಟಿ, ಆಪರೇಷನ್ ಥಿಯೇಟರಿನ ಗೋಡೆಗೆ ಒತ್ತಿಕೊಂಡು ನಿಂತಿದ್ದೀರಿ. ಮುಂದೆ ಎರಡು ಮೇಜು. ಹತ್ತಿರದ ಮೇಜಿನ ಮೇಲಿರುವ ಅಜ್ಜಿಯನ್ನು ನಿನ್ನೆ ಸಂಜೆಯೇ ನೋಡಿದ್ದೀರಿ. ಹಳ್ಳಿಯ ಶಿಬಿರದಿಂದ ಆಸ್ಪತ್ರೆಯ ಬಸ್ಸಿನಲ್ಲಿ ಬಂದು, ಮುಂದಿನವರ ಹೆಗಲು ಹಿಡಿದು ಇಳಿದವಳು. ಈಗ ಮುಖದ ತುಂಬ ಬಟ್ಟೆ, ಹೊರಗೆ ಒಂದೇ ಕಣ್ಣು. ಮರಗಟ್ಟಿಸುವ ಇಂಜೆಕ್ಷನ್ ಆಗಿದೆ, ಅಜ್ಜಿ ಎಚ್ಚರವಾಗಿದ್ದಾಳೆ.

"ಅಲುಗಾಡಬೇಡಿ ಅಜ್ಜಿ, ನಾನಿಲ್ಲೇ ಇದ್ದೀನಿ," ಎಂದು ತಮಿಳಿನಲ್ಲಿ ಹೇಳುವ ಹುಡುಗಿಯೂ ಹಳ್ಳಿಯವಳೇ, ಇಲ್ಲಿಯೇ ತರಬೇತಿ ಪಡೆದವಳು.

ಕಣ್ಣಿನ ಬಿಳಿಭಾಗದಲ್ಲಿ ಸುಮಾರು 6 ಮಿಲಿಮೀಟರಿನ ಸೀಳು. ಒಳಗೆ ಓರೆಯಾಗಿ ಸಾಗುವ ಈ ದಾರಿ ಕೊನೆಗೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಹೊಲಿಗೆ ಬೇಡ, ದುಬಾರಿ ಯಂತ್ರವೂ ಬೇಡ. ವೈದ್ಯರು ಮೆಲ್ಲಗೆ ಒತ್ತುತ್ತಾರೆ. ಪೊರೆಗಟ್ಟಿದ ಮಸೂರ ಹೊರಜಾರುತ್ತದೆ. ಹುಣಸೆಬೀಜದ ಬಣ್ಣ! ಇಷ್ಟು ದಿನ ಬೆಳಕಿಗೆ ಅಡ್ಡ ನಿಂತದ್ದು ಇದೇ.

ಈಗ ನರ್ಸ್ ಬಿಚ್ಚುತ್ತಿರುವ ಪೊಟ್ಟಣವನ್ನು ಗಮನಿಸಿ, ಒಳಗಿರುವುದು ಬದಲಿ ಮಸೂರ. ನಮ್ಮ ಡಾ. ಎಂ.ಸಿ. ಮೋದಿಯವರ ಶಿಬಿರಗಳಲ್ಲಿ ಪೊರೆ ತೆಗೆಸಿಕೊಂಡು ಬಂದ ಹಿರಿಯರನ್ನು ಕಂಡವರಿಗೆ ಆ ದಪ್ಪ ಗಾಜಿನ ಕನ್ನಡಕ ನೆನಪಿರುತ್ತದೆ. ಆಗೆಲ್ಲ ಕಣ್ಣೊಳಗೆ ಬದಲಿ ಮಸೂರ ಇಡುತ್ತಿರಲಿಲ್ಲ. ಕನ್ನಡಕ ಒಡೆದರೆ ಮತ್ತೆ ತಡಕಾಟವೇ. ಮಸೂರ ಬಂದ ಮೇಲೂ ಅದು ವಿದೇಶಿ ಸರಕು, ಬೆಲೆ 100 ಡಾಲರಿನ ಆಸುಪಾಸು. 1992ರಲ್ಲಿ ಅರವಿಂದದವರು ಇದೇ ಊರಲ್ಲಿ ಮಸೂರ ತಯಾರಿಸುವ ಆರೋಲ್ಯಾಬ್ ಶುರುಮಾಡಿ ಅದನ್ನು 10 ಡಾಲರಿಗೆ ತಂದರು, ಆಮೇಲೆ ಇನ್ನೂ ಇಳಿಸಿದರು. 1976ರಲ್ಲಿ 11 ಹಾಸಿಗೆಗಳಿಂದ ಆಸ್ಪತ್ರೆ ಆರಂಭಿಸಿದ ಡಾ. ಜಿ. ವೆಂಕಟಸ್ವಾಮಿಯವರ ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿದ್ದವು. ಆ ಬೆರಳುಗಳಿಗೇ ಅವರು ಶಸ್ತ್ರ ಹಿಡಿಯುವುದನ್ನು ಮತ್ತೆ ಕಲಿಸಿದ್ದರು.

ಮಸೂರ ಕೂತಿತು. ವೈದ್ಯರು ಸೂಕ್ಷ್ಮದರ್ಶಕವನ್ನು ಪಕ್ಕಕ್ಕೆ ತಿರುಗಿಸುತ್ತಾರೆ. ಎರಡನೇ ಮೇಜಿನಲ್ಲಿ ಮುಂದಿನ ಕಣ್ಣು ಆಗಲೇ ಸಿದ್ಧ. ಕಾಯುವುದರಲ್ಲಿ ಅವರ ಒಂದು ನಿಮಿಷವೂ ಹೋಗಲಿಲ್ಲ. ಬಡವರ ಚಿಕಿತ್ಸೆಗೆ ಹಣ ಹುಟ್ಟುವುದು ಈ ಉಳಿದ ನಿಮಿಷಗಳಲ್ಲಿ, ಜೊತೆಗೆ ಶುಲ್ಕ ಕೊಡಬಲ್ಲವರು ಕೊಟ್ಟದ್ದರಲ್ಲಿ. ಕೊಟ್ಟವರಿಗೂ ಕೊಡದವರಿಗೂ ಇವೇ ಕೈಗಳು. ಈ ಆಸ್ಪತ್ರೆಯ ಮೇಲೆ ನನಗಿರುವ ಗೌರವಕ್ಕೆ ಮುಖ್ಯ ಕಾರಣವೇ ಅದು.

ಮರುದಿನ ಪಟ್ಟಿ ಬಿಚ್ಚಿ ನರ್ಸ್ ಬೆರಳೆತ್ತುತ್ತಾಳೆ.

"ಎಷ್ಟು ಅಜ್ಜಿ?"

"ಮೂರು."

ಹನಿ ಹಾಕುವ ಕ್ರಮ, ಕಣ್ಣು ಉಜ್ಜದಿರುವ ಎಚ್ಚರ, ಮತ್ತೆ ತೋರಿಸಬೇಕಾದ ದಿನ, ಎಲ್ಲವನ್ನೂ ಕೇಳಿಸಿಕೊಂಡು ಅಜ್ಜಿ ಕೇಳುತ್ತಾಳೆ: "ಆ ಕಣ್ಣನ್ನ ಯಾವಾಗ ಮಾಡ್ತೀಯಮ್ಮ?"